ಗಾಜಿನ ಮೇಲಿನ ನಡಿಗೆ

ಹೈದರಾಬಾದ್, ೧೬-೩-೧೯೯೩

ಅಕ್ಕ,

೧. ಇಲ್ಲಿನ ಆಸ್ಪತ್ರೆಯ ಸೂಕ್ಷ್ಮದರ್ಶಕದ ರಿಪೇರಿ ಮುಗಿಯಿತು, ನಾನು ಆರೋಗ್ಯವಾಗಿದ್ದೇನೆ.
೨. ಇಲ್ಲಿನ ಡಾಕ್ಟರಮ್ಮ ಅದರಲ್ಲಿ ಕ್ಯಾನ್ಸರ್ ಜೀವಕೋಶಗಳ ವಿಡಿಯೋ ಚಿತ್ರ ತೆಗೆದು, ಇಡೀ ದಿನವನ್ನು ಎರಡು ನಿಮಿಷಕ್ಕಿಳಿಸಿ ತೋರಿಸಿದರು.
೩. ಅವು ನಡೆಯುತ್ತವೆ.

ಬೆಳ್ಳಿಬಣ್ಣದ ಒಂದು ಕೋಶ ನಿದ್ದೆಯಲ್ಲಿರುವಂತೆ ಮೈ ಚಾಚಿತು, ಹೊರಮೈಯ ಪ್ರೋಟೀನುಗಳಿಂದ ಗಾಜನ್ನು ಹಿಡಿಯಿತು, ಹಿಂಬದಿಯ ಹಿಡಿತ ಬಿಟ್ಟು ತೇಲಿದಂತೆ ಮುಂದೆ ಸರಿಯಿತು. ದೇಹದೊಳಗೂ ಹೀಗೆಯೇ ಹಿಡಿದು ಹಿಡಿದು ಪಕ್ಕದ ಅಂಗಕ್ಕೆ ನುಗ್ಗುತ್ತದಂತೆ.

ಮದುವೆ ಸೀಸನ್ನಿನ ಸೀರೆ ನೇಯ್ದು ಮುಗಿಯಲೆಂದು ನೀನು ನಿನ್ನ ಎದೆಗಂಟಿನ ಆಪರೇಷನ್ ಮುಂದೂಡಿ, "ಇದ್ದಲ್ಲೇ ಬಿದ್ದಿರ್ತದೆ ಬಿಡೋ, ಅದೇನ್ ಎದ್ದು ದೊಡ್ಡಬಳ್ಳಾಪುರ ಸುತ್ತುತ್ತಾ?" ಎಂದು ನಕ್ಕಿದ್ದೆ.

ಭಾನುವಾರ ಬೆಳಿಗ್ಗೆ ಬರುತ್ತೇನೆ. ಮಗ್ಗ ನಿಲ್ಲಿಸಿರು. ಸೋಮವಾರ ನಿನ್ನನ್ನು ಆಸ್ಪತ್ರೆಗೆ ಸೇರಿಸಲು ತೀರ್ಮಾನಿಸಿದ್ದೇನೆ.

ತಮ್ಮ ಚೌಡಪ್ಪ