ಸ್ಮಶಾನದ ಕಟ್ಟು

ಮನೆಯಿಂದ, ಭಾನುವಾರ ಬೆಳಿಗ್ಗೆ

ಪ್ರೀತಿಯ ತಮ್ಮಾ,

ನಿನ್ನ ದವಡೆಯ ತಂತಿ ತೆಗೆದರಂತೆ, ಚಿಕ್ಕಮ್ಮ ಫೋನಿನಲ್ಲಿ ಹೇಳಿದರು. ಈಗ ಅಗಿಯಲು ಆಗುತ್ತದೆಯೇ? ಬಲಗೈ ಬೆರಳು ಮಡಚಲು ಬರುತ್ತದೆಯೇ? ಡಾಕ್ಟರು ಹೇಳಿದ ವ್ಯಾಯಾಮಕ್ಕೆ ಸೋಮಾರಿತನ ಮಾಡಬೇಡ. ನೀನು ನನ್ನ ಫೋನ್ ಎತ್ತುವುದಿಲ್ಲವೆಂದೇ ಈ ಕಾಗದ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಎಂದು ನಗಬೇಡ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಯಾಕೆಂದು ಹೇಳುತ್ತೇನೆ.

ನಿನ್ನನ್ನು ಹೊಡೆದು ಗಲ್ಲಿಯಲ್ಲಿ ಬಿಸಾಡಿ ಹೋದ ಅವನ, ಎಲ್ಲರೂ ಗೂಳಿ ಎಂದು ಕರೆಯುವವನ ಎದುರು ನಿನ್ನೆ ನಾನು ಆಡಿದೆ. ಅದೇ ಕಾರ್ಡಿನ ಅಂಗಡಿ, ಅದೇ ಶನಿವಾರದ ಪಂದ್ಯ, ನೀನು ಮಂಚದ ಕೆಳಗೆ ಎಸೆದು ಹೋದ ಅದೇ ಸ್ಮಶಾನದ ಕಾರ್ಡಿನ ಕಟ್ಟು. "ಅಕ್ಕಾ, ನಿಂಗೆ ಟೈರ್ ಬಿಚ್ಚೋದು ಬಿಟ್ರೆ ಏನೂ ಬರಲ್ಲ" ಎನ್ನುತ್ತಿದ್ದೆಯಲ್ಲ, ನೀನು ಚಿಕ್ಕಮ್ಮನ ಮನೆಗೆ ಹೋದಂದಿನಿಂದ ಟೈರ್ ಅಂಗಡಿಯಿಂದ ಬಂದು ಕೈ ತೊಳೆದು ಅದನ್ನೇ ಕಲಿತೆ. ನಿನ್ನ ಪಾಠ ನೆನಪಿತ್ತು: "ಸತ್ತ ಕಾರ್ಡು ಕಸ ಅಲ್ಲ ಅಕ್ಕಾ, ಪಕ್ಕದ ಗುಡ್ಡೇಲಿ, ಅಂದ್ರೆ ಸ್ಮಶಾನದಲ್ಲಿ ಕಾಯ್ತಾ ಇರುತ್ತೆ." ಬೇರೆಯವರು ತಮ್ಮ ಕಾರ್ಡಿನ ಸೈನ್ಯ ಸಾಯದಂತೆ ಕಾಪಾಡಿಕೊಳ್ಳುತ್ತಾರೆ, ಈ ಕಟ್ಟು ಹಿಡಿದವರು ಬೇಕೆಂದೇ ಸಾಯಿಸಬೇಕು. ಹೆಣ ಹೆಚ್ಚಿದಷ್ಟೂ ಮಂತ್ರದ ಕಾರ್ಡಿಗೆ ಬಲ.

ಗೂಳಿ ನನ್ನನ್ನು ನೋಡಿ ಗೆಳೆಯರಿಬ್ಬರತ್ತ ಕಣ್ಣು ಹೊಡೆದ. "ತಮ್ಮ ಓಡಿಹೋದ, ಅಕ್ಕ ಬಂದ್ಲಾ?" ನಾನು ಕಟ್ಟು ಕಲಸಿದೆ. ಮೊದಲಿಗೇ ನನ್ನ ದೊಡ್ಡ ಡ್ರ್ಯಾಗನ್ ಕಾರ್ಡನ್ನು ಕೈಯಾರೆ ಸ್ಮಶಾನಕ್ಕೆ ಹಾಕಿದೆ. ಅದು ಎದ್ದು ಬಂದರೆ ಕಷ್ಟವೆಂದು ಹೆದರಿ, ತನ್ನಲ್ಲಿದ್ದ ಒಂದೇ ಒಂದು ಚಿತೆಯ ಕಾರ್ಡನ್ನು ಆಡಿ ಅವನು ನನ್ನ ಸ್ಮಶಾನವನ್ನೇ ಸುಟ್ಟ. ಅಲ್ಲಿ ಡ್ರ್ಯಾಗನ್ ಬಿಟ್ಟರೆ ಎರಡು ಬಡಕಲು ಇಲಿಗಳಿದ್ದವು, ಅಷ್ಟೇ. ಮತ್ತೆ ಸುಡಲು ಅವನಲ್ಲಿ ಕಾರ್ಡಿಲ್ಲ, ಆಮೇಲೆ ಅವನು ಕೊಂದದ್ದೆಲ್ಲ ನನಗೇ ಲಾಭ. ಅವನ ದೈತ್ಯರು ನನ್ನ ಯೋಧರನ್ನು ಸೀಳುತ್ತ ಬಂದರು, ನಾನು ಹೆಣ ಒಟ್ಟುತ್ತ ಹೋದೆ. ಇನ್ನೊಂದೇ ಏಟಿಗೆ ನಾನು ಸೋಲುವಂತಿದ್ದಾಗ ನಿನ್ನ ಮುದ್ದಿನ 'ಹೆಣಗಳ ಹಗೆ' ಮಂತ್ರವನ್ನು ಮೇಜಿನ ಮೇಲಿಟ್ಟೆ. ಸ್ಮಶಾನದಲ್ಲಿ ಎಷ್ಟು ಹೆಣವೋ ಅಷ್ಟು ಏಟು. ಅವನು ಬೆರಳಿಟ್ಟು ಎಣಿಸಿದ, ಮತ್ತೆ ಎಣಿಸಿದ. ಅವನ ಕಿವಿ ಕೆಂಪಾಯಿತು.

"ಆಟ ಮುಗೀತು" ಎಂದೆ, ಅಷ್ಟೇ. ಅವನು ಒದ್ದ ಮೇಜು ಹಾರಿ ಎದೆಗೆ ಬಡಿಯಿತು, ಕುರ್ಚಿ ಸಮೇತ ಹಿಂದಕ್ಕೆ ಬಿದ್ದೆ. ಕೂದಲು ಹಿಡಿದೆತ್ತಿ ನನ್ನ ತಲೆಯನ್ನು ಗಾಜಿನ ಕಪಾಟಿಗೆ ಅಪ್ಪಳಿಸಿದ. ಹಣೆ ಸೀಳಿ ಕಣ್ಣಿಗೆ ರಕ್ತ ಇಳಿಯಿತು. ನೆಲಕ್ಕೆ ಕೆಡವಿ, ಬೂಟುಗಾಲಿನಲ್ಲಿ ಬಲಗೈ ತುಳಿದು, ಕಿವಿಯ ಹತ್ತಿರ ಬಾಗಿ, "ನಿನ್ ತಮ್ಮನ ಕೈನೂ ಹೀಗೇ ತುಳ್ದಿದ್ದೆ, ಕರು ತರ ಕೂಗ್ದ" ಎಂದ. ಅಲ್ಲಿಯವರೆಗೆ ಮೈತುಂಬ ಹೆದರಿಕೆಯಿತ್ತು ತಮ್ಮಾ. ಆಮೇಲೆ ಏನೂ ಇರಲಿಲ್ಲ. ಅವನ ಕಾಲಿಗೆ ಬಾಯಿ ಹಾಕಿ, ಬಾಯಲ್ಲಿ ರಕ್ತದ ರುಚಿ ಬರುವ ತನಕ ಕಚ್ಚಿದೆ. ಅವನು ಬಿದ್ದಾಗ ಎದೆಯ ಮೇಲೆ ಕೂತೆ. ಲಾರಿ ಟೈರ್ ಬಿಚ್ಚುವ ತೋಳು ನನ್ನದು, ನಿನಗೆ ಗೊತ್ತಲ್ಲ. ಎಡ ಮುಷ್ಟಿಯಿಂದ ಅವನ ಮೂಗು ಪಕ್ಕಕ್ಕೆ ತಿರುಗುವ ತನಕ ಗುದ್ದಿದೆ. "ಸಾಕು, ಸಾಕು" ಎಂದ ಮೇಲೂ ಗುದ್ದಿದೆ. ಅವನ ಬೆರಳನ್ನು ಹಿಂದಕ್ಕೆ ಬಗ್ಗಿಸಿದಾಗ ಲಟಕ್ಕೆಂದಿತು. ಆ ಸದ್ದು ನನಗೆ ಹಿತವಾಗಿತ್ತು. ಮೊದಲ ಏಟುಗಳು ನಿನಗಾಗಿ ಇದ್ದವು, ಕೊನೆಯವು ನನ್ನ ಸುಖಕ್ಕೆ. ನಿನ್ನ ಹತ್ತಿರ ಸುಳ್ಳು ಯಾಕೆ?

ಯಾರೋ ಎಳೆದು ಬಿಡಿಸಿದರು. ಮನೆಗೆ ಬಂದಾಗ ಅಮ್ಮ ನನ್ನ ಕೂದಲಿನಿಂದ ಗಾಜಿನ ಚೂರು ಆರಿಸಿದಳು. ಎಲ್ಲ ಮುಗಿದ ಮೇಲೆ, "ಗೆದ್ದೆ ತಾನೇ?" ಎಂದಳು. ಹೂಂ ಎಂದೆ. ಆಚೆ ಮುಖ ತಿರುಗಿಸಿ ಅತ್ತಳು.

ಚಿಕ್ಕಮ್ಮನಿಗೆ ನಮಸ್ಕಾರ ಹೇಳು, ಅವರ ಮಕ್ಕಳಿಗೆ ಮುದ್ದು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈ ಮೊದಲಿನಂತಾಗಲಿ ಎಂದು ಹರಸುವ,

ನಿನ್ನ
ಅಕ್ಕ

ವಿ.ಸೂ.: ಪೊಲೀಸರು ಬಾಗಿಲಿಗೆ ಬಂದಿದ್ದಾರೆ, ಅಮ್ಮ ಮಾತಾಡಿಸುತ್ತ ನಿಲ್ಲಿಸಿಕೊಂಡಿದ್ದಾಳೆ. ನಾನೇ ಮೇಲೆ ಬಿದ್ದು ಹೊಡೆದೆನೆಂದು ಗೂಳಿ ಆಸ್ಪತ್ರೆಯಿಂದ ದೂರು ಕೊಟ್ಟಿದ್ದಾನೆ. ಗೆಳೆಯರಿಬ್ಬರೂ ಹೌದೆಂದಿದ್ದಾರೆ. ಅಂಗಡಿಯ ಯಜಮಾನರು ಏನೂ ನೋಡಲಿಲ್ಲವಂತೆ, ನಿನ್ನ ಸಲ ಹೇಳಿದ ಹಾಗೆಯೇ. ಅವನು ಎಂಥವನೆಂದು ಹೇಳಬಲ್ಲವನು ನೀನೊಬ್ಬನೇ. ಬಂದು ಹೇಳು. ಹೆದರಿಕೆಯಾಗುತ್ತದೆ, ಗೊತ್ತು. ಹೆದರಿಕೊಂಡೇ ಬಾ.