ಹಿರೋಳ್ಳಿ ಎಂದು ಬರೆದ ಶೀಸೆ

ಶಾಂತಕುಮಾರ,

ನೀನು ಸತ್ತು ಎರಡು ವರ್ಷವಾಯಿತು, ಆದರೂ ವರದಿ ಒಪ್ಪಿಸುತ್ತಿದ್ದೇನೆ. ಇವತ್ತು ಬೆಳಿಗ್ಗೆ ಜ್ವರ ಹರಡುವ ಮರಳುನೊಣ ಹಿಡಿಯಲು ಅಫಜಲಪುರ ತಾಲ್ಲೂಕಿನ ಕರಜಗಿಯ ನಿಂಬೆವ್ವನ ದನದ ಕೊಟ್ಟಿಗೆಗೆ ಹೋಗಿದ್ದೆ. ಚಹಾ ಕೊಡುತ್ತ ಆಕೆ ನಿನ್ನನ್ನು ನೆನೆದಳು.

“ಭಾಳ ಛಲೋ ಸಾಹೇಬ್ರು ಬಿಡ್ರಿ. ಮೂರು ದಿನಾನೂ ಇಲ್ಲೇ ಗ್ವಾಡಿ ಸಂದ್ಯಾಗ ನೊಣ ಹಿಡದ್ರು. ಆಳಂದ ಕಡೀದ ಒಂದ್ ಊರ ಹೆಸರ ಹೇಳವ್ವಾ ಅಂದ್ರು. ಹಿರೋಳ್ಳಿ ಅಂದೆ, ನನ್ನ ತವರ್ಮನಿ ನೋಡ್ರಿ. ಶೀಸೇದ ಮ್ಯಾಲ ಅದನ್ನೇ ಬರದ್ರು.”

ಜೇವರ್ಗಿಯ ಶೀಸೆಗೆ ಯಾರ ತವರಿನ ಹೆಸರು ಸಿಕ್ಕಿತೋ! ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನ ನೊಣಗಳ ಜೀನ್ ಒಂದೇ ಎಂದು ನೀನು ಬರೆದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಒಂದೇ ಗೋಡೆಯಲ್ಲಿ ಹಿಡಿದವು ಬೇರೆ ಹೇಗಾದಾವು? ಒಂದು ಓಣಿ ದಾಟಲಾರದ ಹುಳುವನ್ನು ಕುಳಿತಲ್ಲೇ ಮೂರು ತಾಲ್ಲೂಕು ಸುತ್ತಿಸಿದೆಯಲ್ಲ, ಸೋಮಾರಿ. ನಿನ್ನ ಮಾತು ನಂಬಿ ಹಿರೋಳ್ಳಿಗೂ ಕರಜಗಿಯ ನೊಣ ಸಾಯುವ ಔಷಧವನ್ನೇ ಹೊಡೆದರು. ಅಲ್ಲಿಯ ನೊಣ ಅದಕ್ಕೆ ಸಾಯುವುದಿಲ್ಲ. ಹೋದ ವಾರ ನಾನೇ ಹಿಡಿದು ತಂದು ನೋಡಿದೆ.

ನಿಂಬೆವ್ವನ ತಮ್ಮನ ಮಗಳು ಜ್ವರದಲ್ಲಿ ತೀರಿಕೊಂಡದ್ದು ಹಿರೋಳ್ಳಿಯಲ್ಲೇ. ಅದನ್ನು ತಾನೇ ಹೇಳಿದ ಮೇಲೂ ಆಕೆ ನಿನ್ನನ್ನು ಹೊಗಳಿದಳು. ನಿನ್ನ ಪ್ರಬಂಧದಲ್ಲಿ ನಿನ್ನ ಹೆಸರಿನ ಪಕ್ಕ ನನ್ನ ಹೆಸರೂ ಇದೆ. “ಹೌದ್ರಿ, ಛಲೋ ಮನುಷ್ಯಾರಿದ್ರು” ಎಂದು ಹೇಳಿ, ಇನ್ನೊಂದು ಕಪ್ ಚಹಾ ಕುಡಿದು ಬಂದೆ.

ವಿದ್ಯಾವತಿ