ಈಜೋಕೆ ಹಲ್ಲು ಬೇಕಾ?

ಅಡುಗೆಮನೆ ಮೇಜಿನಿಂದ,
ಮಾರ್ಚ್ ೮, ಭಾನುವಾರ

ಮಗನೇ,

ಚೆನ್ನಾಗಿದ್ದೀಯಾ? ಕ್ಯಾಂಪಿನಲ್ಲಿ ಹೊತ್ತಿಗೆ ಸರಿಯಾಗಿ ಊಟ ಹಾಕುತ್ತಾರಾ? ಕೆಮ್ಮು ಹೇಗಿದೆ? ಹೆತ್ತ ತಪ್ಪಿಗೆ ಕೇಳಬೇಕು, ಕೇಳಿದ್ದೇನೆ. ನನ್ನ ಮಂಡಿ ಹಾಗೇ ಇದೆ. ನಿನ್ನ ಹೆಂಡತಿ ಪಾಳಿ ಮುಗಿಸಿ ಬಂದು ಮಲಗಿದ್ದಾಳೆ. ನಿನ್ನ ಮಗಳು, ನನ್ನ ಮರಿ, ಚೆನ್ನಾಗಿಲ್ಲ.

ಗುರುವಾರ ಅವಳನ್ನು ಹಲ್ಲಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಈಜಿನ ಪಂದ್ಯ ಮುಗಿಯಲಿ, ಆಮೇಲೆ ನೋಡೋಣ ಅಂತ ನೀನು ಫೋನಿನಲ್ಲಿ ಅಂದದ್ದು ನೆನಪಿದೆ. ನಿನ್ನ ಮಾತು ಕೇಳುವ ವಯಸ್ಸು ನನ್ನದಲ್ಲ. ತಣ್ಣೀರು ಬಾಯಿಗೆ ಬಿದ್ದರೆ ಹುಡುಗಿಯ ಕಣ್ಣಲ್ಲಿ ನೀರು. ಊಟವೆಲ್ಲ ಒಂದೇ ದವಡೆಯಲ್ಲಿ. ಮುಂದಿನ ಹಲ್ಲಿನ ಅಂಚು ಗಾಜಿನ ಚೂರಿನ ಥರ ತೆಳ್ಳಗಾಗಿದೆ. ದಿನಾ ಎಷ್ಟು ಹೊತ್ತು ಕೊಳದಲ್ಲಿರುತ್ತೀಯ ಅಂತಲೇ ಡಾಕ್ಟರಮ್ಮ ಮೊದಲು ಕೇಳಿದ್ದು. ಈಜುವವರೆಲ್ಲರ ಹಲ್ಲೂ ಹೀಗಾಗುವುದಿಲ್ಲವಂತೆ. ಕ್ಲೋರಿನ್ ಹಾಕಿದ ನೀರು ಹದ ತಪ್ಪಿ ಹುಳಿಯಾದರೆ, ಯಾರೂ ಅಳೆದು ನೋಡದಿದ್ದರೆ, ಅದು ಹಲ್ಲಿನ ಮೇಲ್ಪದರವನ್ನೇ ತಿನ್ನುತ್ತದಂತೆ. ತಿಂದದ್ದು ಮತ್ತೆ ಬೆಳೆಯುವುದಿಲ್ಲ. ಗಂಟೆಗಟ್ಟಲೆ ಈಜುವವರಿಗೆ ಕಂದು ಕಲೆ ಕಟ್ಟುವುದೂ ಉಂಟು, ತೋರಿಸಿದ್ದರೆ ಅದನ್ನು ಡಾಕ್ಟರಮ್ಮನೇ ತೆಗೆದು ಕೊಡುತ್ತಿದ್ದರಂತೆ.

ಕೋಚ್ ಸಾಹೇಬ, ನೀನೇನು ಮಾಡಿದೆ? ಮಕ್ಕಳ ಹಲ್ಲಿನ ಕಲೆ ಕಂಡು ಕೊಳದ ಧಣಿ ಮುಖ ಸಿಂಡರಿಸಿದ, ನೀನು ಬ್ರಷ್ ಕವಾಯತು ಶುರು ಮಾಡಿದೆ. ನೀರಿನಿಂದ ಎದ್ದ ಮಕ್ಕಳೆಲ್ಲ ನಲ್ಲಿ ಮುಂದೆ ಸಾಲಾಗಿ ನಿಲ್ಲಬೇಕು, ನೀನು ಸೀಟಿ ಊದಬೇಕು, ಅವರು ಗಟ್ಟಿ ಬ್ರಷ್ಷಿನಲ್ಲಿ ತಳ ಹಿಡಿದ ಪಾತ್ರೆ ಉಜ್ಜಿದ ಹಾಗೆ ಉಜ್ಜಬೇಕು. ನೋಡಲು ಬಂದವರಿಗೆ ಶಿಸ್ತು ಅಂತ ತೋರಿಸಿ ಬೀಗಿದೆ. ಹುಳಿ ನೀರಿನಲ್ಲಿ ಮೆತ್ತಗಾದ ಹಲ್ಲನ್ನು ಕೂಡಲೇ ಉಜ್ಜಿದರೆ ಉಳಿದದ್ದೂ ಸವೆಯುತ್ತದಂತೆ. ಅರ್ಧ ಧಣಿಯ ನೀರು ತಿಂದಿತು, ಉಳಿದರ್ಧ ನಿನ್ನ ಸೀಟಿ ತಿಂದಿತು. ನಿನ್ನ ಹಲ್ಲಿಗೆ ಏನೂ ಆಗಿಲ್ಲ ಬಿಡು. ದಂಡೆಯ ಮೇಲೆ ನಿಲ್ಲುವವನ ಹಲ್ಲು ಯಾವತ್ತೂ ಬೆಳ್ಳಗೇ ಇರುತ್ತದೆ.

ಶುಕ್ರವಾರ ಮರಿಯನ್ನೂ ಕರೆದುಕೊಂಡು ಧಣಿಯ ಆಫೀಸಿಗೇ ಹೋಗಿ, ನೀರನ್ನು ಯಾರು ಅಳೆಯುತ್ತಾರೆ ಅಂತ ಕೇಳಿದೆ. ‘ನೀರು ಕನ್ನಡಿ ಥರ ಇದೆಯಲ್ಲಮ್ಮ’ ಅಂದ. ನಾನು ದುಡಿದ ಬಾಟಲಿ ಕಾರ್ಖಾನೆಯ ಧಣಿಯೂ ಹೀಗೇ ಅನ್ನುತ್ತಿದ್ದ. ಅವನ ಕನ್ನಡಿಯಂಥ ಆಸಿಡ್ ನೀರಿನಲ್ಲಿ ಬಾಟಲಿ ತೊಳೆದೇ ನನ್ನ ಉಗುರು ಹೋದದ್ದು. ಅವನ ಗೇಟಿನಲ್ಲಿ ಮುಷ್ಕರ ಕೂತಾಗ ನೀನು ನನ್ನ ತೊಡೆಯ ಮೇಲಿದ್ದೆ. ಘೋಷಣೆ ಕೇಳುತ್ತಾ ಹಾಲು ಕುಡಿದವನು ಕೊನೆಗೆ ಇನ್ನೊಬ್ಬ ಧಣಿಯ ಸೀಟಿಯಾದೆ. ನಾವು ಹೊರಡುವಾಗ ಕೊಳದ ಧಣಿ ಮರಿಯ ಮುಂದೆಯೇ ಹೇಳಿದ, ಕೊಳದ ಜಾಹೀರಾತಿನ ಪೋಸ್ಟರಿಗೆ ತೆಗೆಯುವ ಫೋಟೋದಲ್ಲಿ ಇವಳು ಬಾಯಿ ಬಿಡಬಾರದಂತೆ, ಬಿಟ್ಟರೆ ಇವಳು ಹೋದ ವರ್ಷ ಗೆದ್ದ ಪದಕವನ್ನು ಬೇರೆ ಹುಡುಗಿಯ ಕೊರಳಿಗೆ ಹಾಕಿ ತೆಗೆಸುತ್ತಾನಂತೆ. ಅವಳು ಅಳುತ್ತಾ ನಿನಗೆ ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ. ನೀನು ಅಂದದ್ದು ಇದು: ‘ಈಜೋಕೆ ಹಲ್ಲು ಬೇಕಾ? ಬಾಯಿ ಮುಚ್ಚಿಕೊಂಡು ನಿಲ್ಲು.’

ಈ ಪತ್ರ ನಿನ್ನ ಕೈ ಸೇರುವ ಹೊತ್ತಿಗೆ ಉಳಿದ ಮಕ್ಕಳ ತಾಯಂದಿರ ಜೊತೆ ಕೊಳದ ಧಣಿಯ ಗೇಟಿನಲ್ಲಿ ಕೂತಿರುತ್ತೇನೆ. ನೀರು ಸರಿಯಾಗುವ ತನಕ ಒಂದು ಮಗುವೂ ಇಳಿಯುವುದಿಲ್ಲ. ಬಂದು ನಮ್ಮ ಜೊತೆ ಕೂರು, ಇಲ್ಲ ಒಳಗೆ ಅವನ ಜೊತೆ ನಿಲ್ಲು. ನಡುವೆ ನಿನಗೆ ಜಾಗ ಇಟ್ಟಿಲ್ಲ.

ಆಶೀರ್ವಾದ ಅಂತ ಬರೆಯಲು ಕೈ ಬರುತ್ತಿಲ್ಲ. ಕೆಮ್ಮಿನ ಔಷಧಿ ಬಿಡಬೇಡ.

ನಿನ್ನ ಅಮ್ಮ

ಮರೆತಿದ್ದೆ: ನಿನ್ನೆ ಮರಿ ಮೆಲ್ಲಗೆ ಬಂದು ಕೇಳಿದಳು, ‘ಅಜ್ಜೀ, ನಿನ್ನ ಹಲ್ಲುಸೆಟ್ಟು ನನಗಾಗುತ್ತಾ? ಫೋಟೋ ತೆಗೆಯೋವರೆಗೆ ಮಾತ್ರ.’ ಸೆಟ್ಟು ತೊಳೆದು, ಬಟ್ಟೆಯಲ್ಲಿ ಸುತ್ತಿ ಇದರ ಜೊತೆ ಕಳಿಸಿದ್ದೇನೆ. ಆಗುವುದಿಲ್ಲ ಅಂತ ಅವಳ ಮುಖ ನೋಡಿ ನೀನೇ ಹೇಳು. ಅಲ್ಲಿಯವರೆಗೆ ಗಂಜಿ ಕುಡಿದುಕೊಂಡಿರುತ್ತೇನೆ. ಘೋಷಣೆ ಕೂಗೋಕೆ ನನಗೆ ಹಲ್ಲು ಬೇಡ.